ಊರಿಗೆಲ್ಲ ಬಾಯಾದವನು
ಓಹಾಕಾ ಬೆಟ್ಟದ ಆ ಊರಿನಲ್ಲಿ ಯಾರ ಮನೆಯ ಸುದ್ದಿಯಾದರೂ ದೋನ್ ಫಿದೆನ್ಸಿಯೊನ ಗಂಟಲಿನಿಂದಲೇ ಹೊರಬೀಳಬೇಕು. ಊರಿಗೆಲ್ಲ ಕೇಳುವಂತೆ ಮಾಳಿಗೆಯ ಮೇಲೆ ಕಟ್ಟಿದ ಧ್ವನಿವರ್ಧಕದ ಮೈಕು ಹಿಡಿದು ಇವತ್ತು ಹಂದಿ ಕೊಯ್ದ ಮನೆ ಯಾವುದೆಂದು ಸಾರುತ್ತಾನೆ, ಪ್ರೇಮಿಗಳ ಪರವಾಗಿ ಹಾಡು ಹಾಕುವಾಗ ಅವರಿಗಿಂತ ಮೊದಲು ತಾನೇ ಕಣ್ಣೊರೆಸಿಕೊಳ್ಳುತ್ತಾನೆ, ಸತ್ತವರ ಹೆಸರು ಹೇಳಿದನೆಂದರೆ ಕಲ್ಲೂ ಕರಗಬೇಕು. ಹೆಂಡತಿ ತೋಮಾಸಾಳೊಡನೆ ಮಾತ್ರ ನಲವತ್ತು ವರ್ಷದಿಂದ ಆಡಿದ್ದು ‘ಉಪ್ಪು ಸಾಲದು’, ‘ಉಪ್ಪು ಹೆಚ್ಚಾಯ್ತು’ ಎಂಬ ಎರಡೇ ಮಾತು. “ಊರಿಗೆಲ್ಲ ಕೆರೆ ನಾನು, ಮನೆ ಕೊಡಕ್ಕೆ ತೊಟ್ಟು ನೀರಿಲ್ಲ” ಎಂದು ತನ್ನನ್ನು ತಾನೇ ಆಡಿಕೊಳ್ಳುತ್ತಾನೆ. ಮೊನ್ನೆ ಅವಳು ಮುನಿಸಿಕೊಂಡು ಕೆಳಗೇರಿಯ ತಂಗಿಯ ಮನೆ ಸೇರಿದಳು. “ಮೈಕಲ್ಲೇ ಕರಿಯೋ ಮಾರಾಯ, ನಾವೂ ಕೇಳ್ತೀವಿ” ಎಂದು ನೆರೆಯವರು ಛೇಡಿಸಿದರು. ಮೂರನೆಯ ಬೆಳಿಗ್ಗೆ ಅವನು ಮೈಕಿನ ಮುಂದೆ ಐದು ಸಲ ಕೆಮ್ಮಿ, “ತೋಮಾಸಾ ಅವರ ಕೆಂಪು ಹುಂಜ ಮೂರು ದಿನದಿಂದ ಒಂದು ಕಾಳೂ ಮುಟ್ಟಿಲ್ಲ, ಅವರು ಬಂದು ನೋಡ್ಬೇಕು” ಎಂದ. ಊರೆಲ್ಲ ಗೊಳ್ಳೆಂದು ನಕ್ಕಿತು. ಆ ಹುಂಜವನ್ನು ಕೊಯ್ದು ತಿಂದು ಎರಡು ವರ್ಷವಾಗಿತ್ತು. ಮಧ್ಯಾಹ್ನ ಗಂಟು ಹೊತ್ತು ಬಂದ ತೋಮಾಸಾ ಕೋಳಿಗೂಡಿನತ್ತ ತಿರುಗಿಯೂ ನೋಡದೆ, ನೇರ ಒಲೆ ಹಚ್ಚಿ ಗಂಡನಿಗೆ ರೊಟ್ಟಿ ತಟ್ಟಲು ಕೂತಳು.