ಹತ್ತು ಅಂಕದ ಪ್ರಶ್ನೆ

ಅಂತರ್ಯುದ್ಧದ ಕಾರಣಗಳು, ನಿರ್ಣಾಯಕ ಕದನಗಳು, ಪರಿಣಾಮಗಳು. ಮೈಸೂರಿನಲ್ಲಿ ಬಿ.ಎ. ಓದುವಾಗ ಇದು ಹತ್ತು ಅಂಕದ ಪ್ರಶ್ನೆ. ಯಾವ ದೇಶದ ಯುದ್ಧವಾದರೂ ಸರಿ, ಮೂರು ತಲೆಬರಹ ಹಾಕಿ, ಕೆಳಗೆ ಗೆರೆ ಎಳೆದು ಒಂಬತ್ತು ಅಂಕ ತೆಗೆಯುತ್ತಿದ್ದೆ. ಊದುಬತ್ತಿ ಹೊಸೆಯುವ ಅಮ್ಮನ ಪಕ್ಕ ಕೂತು ಬಾಯಿಪಾಠ ಮಾಡಿದ್ದು. ನಮ್ಮ ಮನೆಯಲ್ಲಿ ಪದವಿ ಕಂಡವಳು ನಾನೇ ಮೊದಲು. ಆ ಹೆಮ್ಮೆ ಈಗಲೂ ಇದೆ, ಮುಚ್ಚಿಡುವುದಿಲ್ಲ. ಆದರೆ ಆ ವಾರ ನನ್ನ ಪದವಿಯ ಮೇಲೇ ಸಿಟ್ಟು ಬಂತು.

ಈಗ ನಾವಿರುವ ಟಾರ್ನೀಟ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆ ಸೂಡಾನಿನವಳು, ನರ್ಸ್. ಗುರುವಾರ ಕಸದ ಬಿನ್ ಹೊರಗಿಡುವಾಗ ಸಿಕ್ಕಳು. ಮುತ್ತಿಗೆಯಲ್ಲಿದ್ದ ತನ್ನ ಊರು ಬಂಡುಕೋರರ ವಶವಾಯಿತು, ತಮ್ಮನ ಫೋನು ನಾಲ್ಕು ದಿನದಿಂದ ಸಿಗುತ್ತಿಲ್ಲ ಎಂದಳು. ನಾನು ಕೇಳಿದ್ದೇನು? ಹಾಗಾದರೆ ಇದೇ ನಿರ್ಣಾಯಕ ಕದನವೇ, ಎಂದು. ಅವಳು ಒಂದು ಸಲ ನನ್ನ ಮುಖ ನೋಡಿ ಒಳಗೆ ಹೋದಳು.

ಭಾನುವಾರ ಸಿಡ್ನಿಯಿಂದ ಡಾಕ್ಟರ್ ಅಂಕಲ್, ಆಂಟಿ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದರು. ನಾವು ಈ ದೇಶಕ್ಕೆ ಬಂದಾಗ ಒಂದು ತಿಂಗಳು ಕ್ವೇಕರ್ಸ್ ಹಿಲ್‌ನ ತಮ್ಮ ಮನೆಯಲ್ಲಿ ಇಟ್ಟುಕೊಂಡವರು. ಅವರಿಗೆ ಎದುರಾಡುವ ಪದ್ಧತಿ ನಮ್ಮಲ್ಲಿಲ್ಲ.

ಬಿಸಿಬೇಳೆ ಬಾತಿನ ಪಾತ್ರೆ ಮೇಜಿನ ಮೇಲಿಟ್ಟಿದ್ದೆ, ಇನ್ನೂ ಬಡಿಸಿರಲಿಲ್ಲ. ಪಕ್ಕದ ಮನೆಯ ಮುಂದೆ ಒಂದರ ಹಿಂದೊಂದು ಕಾರು ಬಂದು ನಿಂತವು. ಆಮೇಲೆ ಹೆಂಗಸರ ದನಿ ಎದ್ದಿತು.

"ಪಾರ್ಟಿ ಜೋರಾಗಿದೆ," ಎಂದು ನಕ್ಕರು ಆಂಟಿ. ಅದು ಸೂಡಾನಿನವರ ಮನೆ ಎಂದರು ನನ್ನ ಗಂಡ.

"ಸೂಡಾನಿನವ್ರಾ? ಅಲ್ಲಿ ಮೊನ್ನೆ ಒಂದು ಊರು ಹೋಯ್ತಲ್ಲ, ಅಲ್ಲಿಗೆ ಆಟ ಮುಗೀತು," ಎಂದರು ಅಂಕಲ್. ಅನ್ನದ ಚಮಚದಲ್ಲಿ ಮೇಜಿನ ಮೇಲೆ ನಕ್ಷೆ ಎಳೆದು ಸೇನೆ ಎಲ್ಲಿ, ಬಂಡುಕೋರರು ಎಲ್ಲಿ ಎಂದು ತೋರಿಸಿದರು. ನನ್ನ ಗಂಡ ಪಾಠಕ್ಕೆ ಕೂತವರಂತೆ ತಲೆ ಆಡಿಸಿದರು. ಅಂಕಲ್ ಕಿಟಕಿಗೆ ಹೋಗಿ ನೋಡಿ ಫೋನ್ ತೆಗೆದರು. "ನಿಮ್ಮ ಡ್ರೈವ್‌ವೇನೇ ಬ್ಲಾಕ್ ಮಾಡಿದಾರೆ ಕಣಯ್ಯಾ. ಪೊಲೀಸ್‌ಗೆ ಒಂದು ಕಾಲ್ ಮಾಡಿದ್ರೆ ಸರಿಹೋಗತ್ತೆ."

"ಮಾಡ್ಬೇಡಿ ಅಂಕಲ್. ಅದು ಪಾರ್ಟಿ ಅಲ್ಲ. ಯಾರೋ ಸತ್ತಿದಾರೆ. ಅವಳ ತಮ್ಮನೇ ಇರ್ಬೇಕು."

"ನಿಂಗೆ ಹೇಗಮ್ಮ ಗೊತ್ತು? ಅರೇಬಿಕ್ ಬರತ್ತಾ?"

"ಅಳೋದು ಬರತ್ತೆ. ನಮ್ಮ ಬೀದೀಲಿ ಯಾರು ಸತ್ರೂ ನಮ್ಮಮ್ಮ ಹಾಡಿ ಅಳೋಕೆ ಹೋಗ್ತಿದ್ರು."

ಆಂಟಿ ತಟ್ಟೆಯಿಂದ ಕಣ್ಣೆತ್ತಿದರು. "ಓ. ದುಡ್ಡು ಕೊಡ್ತಿದ್ರಾ ಅದಕ್ಕೆ?"

"ಇಲ್ಲ ಆಂಟಿ. ಮನುಷ್ಯರಾದವರು ಹೋಗ್ತಿದ್ರು."

ಗಂಡ ಮೇಜಿನ ಕೆಳಗೆ ನನ್ನ ಕಾಲು ತುಳಿದರು. "ಇಮೋಷನಲ್ ಆಗ್ಬೇಡ. ರೂಲ್ಸ್ ಅಂದ್ರೆ ರೂಲ್ಸ್," ಎನ್ನುತ್ತಾ ಅಂಕಲ್ ನಂಬರ್ ಹುಡುಕತೊಡಗಿದರು. ದೇಹವೂ ಸಿಗದ, ಮಣ್ಣೂ ಮಾಡಲಾಗದ ತಮ್ಮನಿಗಾಗಿ ಅವಳಿಗೆ ಉಳಿದಿದ್ದು ಆ ಅಳು ಒಂದೇ. ಅದನ್ನೂ ನಿಲ್ಲಿಸಲು ಒಬ್ಬ ಎಂ.ಡಿ. ಹೊರಟಿದ್ದರು, ಗುರುವಾರ ಅವಳ ಮುಂದೆ ಪ್ರಶ್ನೆಪತ್ರಿಕೆ ಹಿಡಿದವಳು ಒಬ್ಬ ಬಿ.ಎ. ನಾನು ಎದ್ದು ಬಿಸಿಬೇಳೆ ಬಾತಿನ ಪಾತ್ರೆ ಎತ್ತಿಕೊಂಡೆ.

"ಅದನ್ನೆಲ್ಲಿಗೆ?" ಎಂದರು ಗಂಡ.

"ಸಾವಿನ ಮನೇಲಿ ಒಲೆ ಹಚ್ಚಲ್ಲ. ಪೊಲೀಸ್ ಬಂದ್ರೆ ನಾನೂ ಅಲ್ಲೇ ಇರ್ತೀನಿ ಅಂತ ಹೇಳಿ ಅಂಕಲ್."

"ಮತ್ತೆ ನಮಗೆ?"

"ಫ್ರಿಜ್ಜಲ್ಲಿ ಮೊಸರಿದೆ."

ಪಕ್ಕದ ಮನೆಯ ಬಾಗಿಲು ತೆರೆದೇ ಇತ್ತು. ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಗುರುವಾರದ ಮಾತಿಗೆ ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ತುಸು ಸರಿದು ಪಕ್ಕದಲ್ಲಿ ಜಾಗ ಮಾಡಿದಳು. ಯಾರೋ ಪಾತ್ರೆ ಇಸಿದುಕೊಂಡರು. ಅವರ ಭಾಷೆ ನನಗೆ ಒಂದಕ್ಷರ ಬರುವುದಿಲ್ಲ. ಆದರೂ ಎಲ್ಲಿ ಸತ್ತವನನ್ನು ಹೊಗಳುತ್ತಿದ್ದಾರೆ, ಎಲ್ಲಿ ಬಿಟ್ಟುಹೋದೆಯಲ್ಲೋ ಎಂದು ಬೈಯುತ್ತಿದ್ದಾರೆ ಎಂಬುದು ತಿಳಿಯಿತು. ಪೊಲೀಸರು ಬರಲಿಲ್ಲ.

ಸಂಜೆ ಮನೆಗೆ ಬಂದಾಗ ನೆಂಟರು ಹೊರಟುಹೋಗಿದ್ದರು.

"ಅಂಕಲ್‌ಗೆ ಬೇಜಾರಾಗಿದೆ. ಫೋನ್ ಮಾಡಿ ಒಂದ್ಸಲ ಸಾರಿ ಹೇಳ್ಬಿಡು," ಎಂದರು ಗಂಡ.

"ಪಕ್ಕದ ಮನೇಗೆ ಹೋಗಿ ಅವರು ಹೇಳ್ಲಿ. ಆಮೇಲೆ ನಾನು ಹೇಳ್ತೀನಿ."

ಅವರು ಹೇಳಿಲ್ಲ. ನಾನೂ ಹೇಳಿಲ್ಲ.