ಟ್ಯಾಪೆಟ್ ಬಿಗಿ ಮಾಡಿದ ಅಮಾವಾಸ್ಯೆ

ಅಮಾವಾಸ್ಯೆಯ ದಿನ ನಮ್ಮ ಮಗ್ಗಕ್ಕೆ ಬಿಡುವು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಅಂದು ಯಾರೂ ಲಾಳಿ ಮುಟ್ಟುವುದಿಲ್ಲ. ಕೈ ಖಾಲಿ ಇದ್ದರೆ ನನ್ನ ಗಂಡನಿಗೆ ಕೂತಲ್ಲಿ ಕೂರಲಾಗದು. ಆ ಸಲ ಅವರ ಕಣ್ಣು ಬಿದ್ದದ್ದು ನಮ್ಮ ಹಳೆಯ ಕಾರಿನ ಮೇಲೆ.

ಆ ಕಾರು ಶೋಕಿಗೆ ಕೊಂಡದ್ದಲ್ಲ. ನನ್ನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಡಯಾಲಿಸಿಸ್‌ಗೆಂದು ರೋಣದ ದವಾಖಾನೆಗೆ ಹೋಗಿಬರಬೇಕಿತ್ತು. ಬರುವಾಗ ಒಮ್ಮೆ ಬಸ್ಸಿನಲ್ಲೇ ಎಚ್ಚರ ತಪ್ಪಿ ಬಿದ್ದ ಮೇಲೆ ಕಾರು ಮನೆಗೆ ಬಂತು. ಹಿಂದಿನ ಪಾಳಿಗೆ ನಾನು ಹೋಗಿರಲಿಲ್ಲ. ಸೂಜಿ, ನಳಿಕೆ, ತಲೆಸುತ್ತು ಎಲ್ಲ ಸಾಕಾಗಿ, "ನಾ ಬರಂಗಿಲ್ರಿ, ನನ್ನ ಬಿಟ್ಟುಬಿಡ್ರಿ" ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಈಗ ಕಾಲು ಬಾತಿದ್ದವು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಮರುದಿನದ ಪಾಳಿಯೂ ತಪ್ಪಿದರೆ ನಾನು ಉಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಎಂಜಿನ್ನಿನ ಟಕಟಕ ಸಪ್ಪಳ ಜೋರಾಗಿತ್ತು. ಟ್ಯಾಪೆಟ್ ಸಡಿಲಾಗಿವೆ ಎಂದು ಮೆಕ್ಯಾನಿಕ್ ಹೇಳಿ, ತನ್ನೂರು ಚಿಕ್ಕನರಗುಂದಕ್ಕೆ ಹೋಗಿಬಿಟ್ಟಿದ್ದ. ವಾಲ್ವಿಗೂ ಅದನ್ನು ಒತ್ತುವ ಟ್ಯಾಪೆಟ್ಟಿಗೂ ನಡುವೆ ಸಣ್ಣ ಸಂದು ಇರಬೇಕಂತೆ, ಉಕ್ಕಿನ ತೆಳು ಪಟ್ಟಿ ತೂರಿಸಿ ಅದನ್ನು ನೋಡಬೇಕಂತೆ. ಆ ಪಟ್ಟಿಯನ್ನು ಅವನಿಂದ ಮೊದಲೇ ಇಸಿದುಕೊಂಡಿದ್ದ ನನ್ನ ಗಂಡ ಅಂಗಳದಲ್ಲೇ ಎಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿದರು.

"ಪಟ್ಟಿ ಸಲೀಸ ಅಡ್ಡಾಡಾಕತ್ತೈತಿ. ಇನ್ನೊಂದೀಟು ಬಿಗಿ ಮಾಡ್ಲೇನು?"

"ಮಾಡ್ರಿ," ಎಂದೆ, ಕಟ್ಟೆಯ ಮೇಲೆ ಕೂತಿದ್ದ ನಾನು.

ಹುಟ್ಟಿದಾಗಿನಿಂದ ನೂಲು ಹಿಡಿದವರು ನಾವು. ಮಗ್ಗದ ಮೇಲೆ ಹಾಸಿನ ನೂಲು ಸಡಿಲಾದರೆ ಸೀರೆ ಕೆಟ್ಟಿತೆಂದೇ ತಿಳಿಯಬೇಕು. ಬಿಗಿ ಇದ್ದದ್ದೇ ಚಲೋ ಎನ್ನುವುದು ಬಿಟ್ಟರೆ ನಮ್ಮ ಕೈಗೆ ಬೇರೆ ಬುದ್ಧಿ ಎಲ್ಲಿಂದ ಬರಬೇಕು? ಸಂದೇ ಉಳಿಯದಂತೆ ಅವರು ಒಂದೊಂದೇ ತಿರುಪು ಬಿಗಿದರು. ಚಾಲೂ ಮಾಡಿದರೆ ಸಪ್ಪಳವೇ ಇಲ್ಲ. ಅವರು ಮೀಸೆಯಲ್ಲೇ ನಕ್ಕರು, ನನಗೂ ಸಮಾಧಾನವಾಯಿತು.

ಮರುದಿನ ಊರು ದಾಟುವವರೆಗೆ ಕಾರು ಚೆನ್ನಾಗಿಯೇ ಓಡಿತು. ಎಂಜಿನ್ನು ಕಾಯ್ದಂತೆ ಅದರ ದಮ್ಮು ಕಡಿಮೆಯಾಗಿ, ಸಣ್ಣದೊಂದು ಏರು ಹತ್ತಲಾರದೆ ನಿಂತೇಬಿಟ್ಟಿತು. ಆಂಬ್ಯುಲೆನ್ಸಿಗೆ ಫೋನ್ ಹಚ್ಚಿದರೆ ಅದು ಬೇರೆ ಯಾರನ್ನೋ ತರಲು ಸವಡಿ ಕಡೆ ಹೋಗಿತ್ತು. ಬಂದ ಒಂದು ಬಸ್ಸು ಬಾಗಿಲವರೆಗೂ ತುಂಬಿತ್ತು, ನಿಲ್ಲಲಿಲ್ಲ. ಕೊನೆಗೆ ಮೆಕ್ಯಾನಿಕ್ ಫೋನಿಗೆ ಸಿಕ್ಕ.

"ಸಪ್ಪಳ ಬರ್ತಿತ್ತೇನ್ರಿ?" ಎಂದು ಕೇಳಿದ.

"ಒಂಚೂರೂ ಇಲ್ಲಪಾ," ಎಂದರು ನನ್ನ ಗಂಡ.

"ಅದಕ್ಕ ನಿಂತೈತ್ರಿ. ಕಾಯ್ದ್ರ ಕಬ್ಬಣ ಹಿಗ್ಗತೈತಿ. ಜಾಗಾ ಇಲ್ದ ವಾಲ್ವು ಪೂರಾ ಮುಚ್ಚವಲ್ಲದು. ಆರಿದ ಮ್ಯಾಲ ಸಡಿಲ ಮಾಡ್ರಿ."

ಆರುವ ತನಕ ಕಾಯಬೇಕು. ನನ್ನ ಗಂಡ ಬಾನೆಟ್ ಎತ್ತಿ ಟವೆಲ್ಲಿನಿಂದ ಎಂಜಿನ್ನಿಗೆ ಗಾಳಿ ಬೀಸುತ್ತಿದ್ದರು. ಮುಂದಿನ ಸೀಟಿಗೆ ತಲೆ ಆನಿಸಿಕೊಂಡು ನಾನು ಉಸಿರಿಗಾಗಿ ಒದ್ದಾಡುತ್ತಿದ್ದೆ. ಆ ಹೊತ್ತಿನಲ್ಲಿ ಅವರ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಉಸಿರು ಇದ್ದಿದ್ದರೆ ಬೈದೇ ಬಿಡುತ್ತಿದ್ದೆ. ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ಅಂತೂ ಮುಚ್ಚಳ ಬಿಚ್ಚಿದರು. ಕೂದಲಿನಂಥ ಎಳೆಯನ್ನು ಕಣ್ಣು ಮುಚ್ಚಿ ಗಂಟು ಹಾಕುವ ಕೈ ಅದು, ಅಂದು ಪಟ್ಟಿಯನ್ನು ಸಂದಿಗೆ ತೂರಿಸಲಾರದೆ ಸೋತಿತು. ಸ್ಪ್ಯಾನರ್ ಕೆಳಗಿಟ್ಟು ಚಕ್ರಕ್ಕೆ ಆತು ಕೂತುಬಿಟ್ಟರು.

"ನನ್ನ ಕೈಯಾರ ನಿನ್ನ ಕೊಂದಂಗಾತು," ಎಂದರು.

"ಏಳ್ರಿ," ಎಂದೆ. ಒಂದೊಂದು ಮಾತಿಗೂ ಉಸಿರು ಎಳೆಯಬೇಕಿತ್ತು. "ಎಷ್ಟರ ಸಡಿಲಾಗಲಿ, ಆ ಪಟ್ಟಿ ಬಿಡ್ರಿ. ನನಗ ಸಾಯೂದು ಬ್ಯಾಡ್ರಿ."

ಆ ಮಾತು ನನ್ನ ಬಾಯಿಂದ ಬಂದದ್ದು ನನಗೇ ಆಶ್ಚರ್ಯ. ಅವರು ನನ್ನನ್ನೇ ಒಂದು ಗಳಿಗೆ ನೋಡಿ ಎದ್ದರು. ತಿರುಪುಗಳನ್ನೆಲ್ಲ ಸಡಿಲಿಸಿದರು. ಕಾರು ಕೆಮ್ಮಿ, ಕುಂಟುತ್ತ ರೋಣ ಮುಟ್ಟಿತು.

ನಾವು ತಡವಾಗಿ ಬಂದದ್ದರಿಂದ ನನ್ನ ಪಾಳಿಯ ಯಂತ್ರಕ್ಕೆ ಬೇರೊಬ್ಬರನ್ನು ಮಲಗಿಸಿದ್ದರು. ಖಾಲಿಯಾದರೆ ಕರೆಯುತ್ತೇವೆ, ಕೂತಿರಿ ಎಂದಳು ನರ್ಸು. ಬೆಂಚಿನ ಮೇಲೆ ಅವರ ಭುಜಕ್ಕೆ ಒರಗಿ ಕೂತೆ.

"ದಾರ್ಯಾಗ ನೀ ಅಂದಿದ್ದು ಖರೇ ಏನು?" ಎಂದು ಮೆಲ್ಲಗೆ ಕೇಳಿದರು.

ಹೌದೆಂದು ತಲೆಯಾಡಿಸಿದೆ. ನನ್ನ ಗಂಡ ಅಷ್ಟು ಜನರ ನಡುವೆ ಬಿಕ್ಕಿ ಬಿಕ್ಕಿ ಅತ್ತರು. ಒಳಗಿನಿಂದ ಇನ್ನೂ ಯಾರೂ ನನ್ನನ್ನು ಕರೆದಿರಲಿಲ್ಲ.