ಹುಣಸೆಬೀಜದ ಗಂಜಿ

ಮಾಯವ್ವನ ಬೆರಳುಗಳು ಸೊಟ್ಟಗಾದದ್ದು ಮೂವತ್ತು ದಾಟುವ ಮೊದಲೇ. ಅವಳವ್ವನದೂ ಅದೇ ಪಾಡು. ಇಬ್ಬರೂ ಕಂಬಳಿ ನೇಯುವ ಮನೆಯವರು. ನಸುಕಿನಲ್ಲೆದ್ದು ಹುಣಸೆಬೀಜದ ತಣ್ಣನೆಯ ಗಂಜಿಯಲ್ಲಿ ಕೈ ಅದ್ದಿ ಉಣ್ಣೆಯ ನೂಲು ಗಟ್ಟಿಯಾಗಲೆಂದು ಅದಕ್ಕೆ ಬಳಿದವರು. ಹುಕ್ಕೇರಿಯ ಆ ಓಣಿಯಲ್ಲಿ ಯಾರನ್ನು ಕೇಳಿದರೂ ಗಂಜಿಯ ಥಂಡಿ ಎಲುಬಿಗೆ ಇಳಿದಿದೆ ಎನ್ನುತ್ತಿದ್ದರು. ಮಾಯವ್ವನೂ ನಂಬಿದಳು. ನಂಬದೆ ಏನು ಮಾಡಿಯಾಳು, ಬೆಳಗಾದರೆ ಸೀರೆಯ ನಿರಿಗೆ ಹಿಡಿಯಲೂ ಬೆರಳು ಮಡಚುತ್ತಿರಲಿಲ್ಲ.

ಹಾಗಾಗಿ ಮಗಳು ವಿಜಯಲಕ್ಷ್ಮಿಯನ್ನು ಗಂಜಿಯ ಹತ್ತಿರ ಸುಳಿಯಗೊಡಲಿಲ್ಲ. ಪಾತ್ರೆ ತೊಳೆಯಲೂ ಬಿಸಿನೀರು ಕಾಸಿಕೊಡುತ್ತಿದ್ದಳು. ಓಣಿಯವರು ರಾಜಕುಮಾರಿ ಎಂದು ನಗುತ್ತಿದ್ದರು. ಆದರೆ ಗಂಜಿಗೆ ಒಂದು ಜೊತೆ ಕೈ ಬೇಕಲ್ಲ? ಮಗ ಪರಸಪ್ಪನಿಗೆ ತನ್ನ ತಮ್ಮನ ಮಗಳನ್ನೇ ಸೊಸೆಯಾಗಿ ತರಬಹುದಿತ್ತು. ಹಾಳಾಗುವ ಕೈ ತವರಿನದಾಗುವುದು ಬೇಡವೆಂದು ಧುಪದಾಳದಿಂದ ಹೊರಗಿನ ಹುಡುಗಿ ಉದ್ದವ್ವನನ್ನು ತಂದಳು. ಕರುಳಿನ ಪ್ರೀತಿಗೂ ಇಂಥ ಲೆಕ್ಕಾಚಾರ ಇರುತ್ತದೆ. ಮಗಳನ್ನು ಹತ್ತರಗಿಯಲ್ಲಿ ಹೆದ್ದಾರಿ ಬದಿಯ ಅಂಗಡಿಯವರ ಮನೆಗೆ ಕೊಟ್ಟು, ಗೆದ್ದೆ ಎಂದುಕೊಂಡಳು.

ಎರಡು ಸಾವಿರದ ಮೂರರ ಚಳಿಗಾಲದಲ್ಲಿ ವಿಜಯಲಕ್ಷ್ಮಿ ತವರಿಗೆ ಬಂದಳು. ಮುಂಜಾನೆ ಕೂಸಿನ ಅಂಗಿಯ ಗುಂಡಿ ಹಾಕಲಾಗದೆ ಅವ್ವನನ್ನು ಕರೆದಳು. ಬೆರಳಿನ ಗೆಣ್ಣುಗಳು ಊದಿದ್ದವು.

ಬೆಳಗಾವಿಯ ಡಾಕ್ಟರು ತಾಯಿ ಮಗಳಿಬ್ಬರ ಕೈಯನ್ನೂ ಹಿಡಿದು ನೋಡಿದರು. ಇದು ಥಂಡಿಯಿಂದ ಬಂದದ್ದಲ್ಲ, ಮೈಯನ್ನು ಕಾಯುವ ಶಕ್ತಿಯೇ ತಿರುಗಿಬಿದ್ದು ಕೀಲುಗಳನ್ನು ತಿನ್ನುವ ಸಂಧಿವಾತ ಎಂದರು. ಈ ಬೇನೆಗೆ ಸುಲಭವಾಗಿ ತುತ್ತಾಗುವ ಗುಣ ಕೆಲವು ಮನೆತನಗಳಲ್ಲಿ ಹೆತ್ತವರಿಂದ ಮಕ್ಕಳಿಗೆ ಇಳಿಯುತ್ತದೆ, ಇಳಿದವರಿಗೆಲ್ಲ ಬೇನೆ ಬಂದೇ ಬರುತ್ತದೆಂದಲ್ಲ, ಈಗಲೇ ಗುಳಿಗೆ ಶುರು ಮಾಡಿದರೆ ಮಗಳ ಬೆರಳು ಸೊಟ್ಟಗಾಗದಂತೆ ತಡೆಯಬಹುದು ಎಂದೂ ಸಮಾಧಾನವಾಗಿ ಹೇಳಿದರು. ಮಾಯವ್ವ ಒಂದೇ ಮಾತು ಕೇಳಿದಳು.

“ಹಂಗಾರ ಗಂಜಿ ಏನೂ ಮಾಡಿಲ್ಲೇನ್ರಿ?”

ಇಲ್ಲ ಎಂದರು.

ಬಸ್ಸಿಳಿದು ಮನೆಗೆ ಬಂದಾಗ ಉದ್ದವ್ವ ಅಂಗಳದಲ್ಲಿ ಮೊಣಕೈವರೆಗೆ ಗಂಜಿ ಮೆತ್ತಿಕೊಂಡು ನಿಂತಿದ್ದಳು. ಮದುವೆಯಾಗಿ ಬಂದಂದಿನಿಂದ ಒಂದು ಚಳಿಗಾಲವೂ ತಪ್ಪಿಸಿದವಳಲ್ಲ. ಮಾಯವ್ವ ಕಟ್ಟೆಯ ಮೇಲೆ ಕೂತಳು.

“ಕೈ ತೋರ್ಸು,” ಎಂದಳು.

ಸೊಸೆ ಸೆರಗಿಗೆ ಒರೆಸಿಕೊಂಡು ಚಾಚಿದಳು. ಬಿರುಕು ಬಿಟ್ಟ ಅಂಗೈ, ನೆಟ್ಟಗಿನ ಹತ್ತೂ ಬೆರಳು. ಇವು ಸೊಟ್ಟಗಾದರೆ ಆಗಲಿ ಎಂದೇ ಇವಳನ್ನು ತಂದೆನಲ್ಲ ಎಂದು ಮಾಯವ್ವನಿಗೆ ಅನಿಸಿತು. ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ಯಾಕ್ರೀ ಅತ್ತಿ, ಬೆರಳು ನೋಯಾಕತ್ತಾವೇನ್ರಿ?” ಎಂದು ಉದ್ದವ್ವ ಪಕ್ಕದಲ್ಲಿ ಕೂತು, ಅತ್ತೆಯ ಸೊಟ್ಟ ಬೆರಳುಗಳನ್ನು ಒಂದೊಂದಾಗಿ ಒತ್ತತೊಡಗಿದಳು.